ಮನಿ ಒಂದು, ನೆಟ್‌ವರ್ಕ್ ಎರಡು

ರೋಣದ ಹಳೇ ಓಣಿಯ ಆ ಮನೆಗೆ ದಪ್ಪ ಕಲ್ಲುಗೋಡೆ. ಕೆಳಗಿನ ಪಡಸಾಲೆಯಲ್ಲಿ ಕಾಕಾನ ಕಂಪ್ಯೂಟರು, ಮೇಲಿನ ಹೊಸ ಕೋಣೆಯಲ್ಲಿ ಅವರ ಅಣ್ಣನ ಮಗಳ ಲ್ಯಾಪ್‌ಟಾಪು. ಕಾಕಾ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಕೈಗೆ ಟೇಪ್ ರೆಕಾರ್ಡರ್ ಬಂದಾಗಿನಿಂದ ಧಾರವಾಡ ಆಕಾಶವಾಣಿಯ ಗಾಯನವನ್ನು ಕ್ಯಾಸೆಟ್ಟಿಗೆ ಹಿಡಿದಿಡುತ್ತ ಬಂದವರು. ಈಗ ಆ ಕ್ಯಾಸೆಟ್ಟುಗಳೆಲ್ಲ ಕಂಪ್ಯೂಟರಿಗೆ ಇಳಿದಿವೆ. ಮಗಳಿಗೆ ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಕೆಲಸ. ಆಗಾಗ ರೋಣದಿಂದಲೇ ಮಾಡುತ್ತಾಳೆ. ಕೆಲಸದ ನಡುವೆ ಕಾಕಾನ ಸಂಗ್ರಹ ಕೇಳಬೇಕೆಂಬುದು ಅವಳ ಆಸೆ. ಕೆಳಗಿನ ಹಾಡು ಮೇಲಕ್ಕೆ ಬರಲಿಲ್ಲ ಎಂಬಲ್ಲಿಂದ ಆರಂಭವಾದ ಮಾತು ಎಲ್ಲೆಲ್ಲಿಗೋ ಹೋಯಿತು. ಅವರ ಆಡುಮಾತನ್ನು ಹಾಗೆಯೇ ಬಿಟ್ಟಿದ್ದೇನೆ.

ಕಾಕಾ: ಮಗಳ, ನಿನ್ನೆ ಪಡಸಾಲ್ಯಾಗ ಕುಂತಾಗ ನನ್ನ ಹಾಡಿನ ಪಟ್ಟಿ ನಿನ್ನ ಲ್ಯಾಪ್‌ಟಾಪಿನ್ಯಾಗ ಬಂದಿತ್ತಲ್ಲ. ಮ್ಯಾಲ ಹೋದ ಕೂಡ್ಲೆ ಎಲ್ಲಿ ಹೋತು?

ಮಗಳು: ಅದನ್ನ ಹುಡುಕಾಕತ್ತೀನ್ರಿ ಕಾಕಾ. ನಿಮ್ಮ ಕಂಪ್ಯೂಟರ್ ಸ್ಲೀಪಿಗೆ ಹೋಗೇತೇನು ಅಂತ ಮೊದಲ ನೋಡ್ದೆ. ಇಲ್ಲ, ಎಚ್ಚರ ಐತಿ. ಐಟ್ಯೂನ್ಸ್ ತೆರದೈತಿ. ಹೋಮ್ ಶೇರಿಂಗ್ ಚಾಲೂ ಐತಿ. ಎರಡೂ ಕಡೆ ಒಂದ ಆ್ಯಪಲ್ ಐಡಿ ಐತಿ. ಇದರಾಗ ಯಾವುದು ತಪ್ಪಿದ್ರೂ ಪಟ್ಟಿ ಬರಂಗಿಲ್ಲ.

ಕಾಕಾ: ಎಲ್ಲಾ ಸರಿ ಇದ್ದ ಮ್ಯಾಲ ಯಾಕ ಬರವಲ್ದು?

ಮಗಳು: ಫೈರ್‌ವಾಲ್ ಒಂದು ಇತ್ತು. ವಿಂಡೋಸ್ ನಮ್ಮ ಮನಿ ವೈಫೈನ 'ಪಬ್ಲಿಕ್' ಅಂತ ಹಿಡಕೊಂಡಿತ್ತು. ಹಂಗ ಹಿಡಕೊಂಡ್ರ ಪಕ್ಕದ ಕಂಪ್ಯೂಟರ್ ಕರದ್ರೂ ಉತ್ತರ ಕೊಡಂಗಿಲ್ಲ. 'ಪ್ರೈವೇಟ್' ಅಂತ ಬದಲ ಮಾಡ್ದೆ. ಫೈರ್‌ವಾಲಿನ ಪಟ್ಟಿಯಾಗ ಐಟ್ಯೂನ್ಸಿಗೂ ಬಾನ್‌ಜೋರ್ ಅನ್ನೋದಕ್ಕೂ ಟಿಕ್ ಹಾಕ್ದೆ. ಆದ್ರೂ ಬರವಲ್ದು. ಈಗ ಇಲ್ಲಿ ನೋಡ್ರಿ, ಕಪ್ಪ ಕಿಟಕಿಯಾಗ 'ಐಪಿಕಾನ್ಫಿಗ್' ಅಂತ ಹೊಡದೀನಿ. ನಿಮ್ಮ ಕಂಪ್ಯೂಟರಿನ ವಿಳಾಸ 192.168.1 ರಿಂದ ಶುರು ಆಗತೈತಿ. ನನ್ನದು 192.168.0 ರಿಂದ.

ಕಾಕಾ: ಒಂದ ಮನ್ಯಾಗ ಎರಡು ವಿಳಾಸ ಹ್ಯಾಂಗ?

ಮಗಳು: ಈ ಗ್ವಾಡಿ ದಾಟಿ ವೈಫೈ ಮ್ಯಾಲ ಬರೂದಿಲ್ಲ ಅಂತ ತಮ್ಮ ಒಂದು ಹಳೇ ರೌಟರ್ ತಂದು ಮ್ಯಾಲ ಇಟ್ಟಾನಲ್ಲ, ಅದರ ಕೆಲಸ. ಕೆಳಗಿನ ಫೈಬರ್ ಪೆಟಿಗಿಯಿಂದ ಬಂದ ಕೇಬಲ್ಲನ್ನ ಅವ ಇದರ 'ಇಂಟರ್ನೆಟ್' ಅಂತ ಬರದಿದ್ದ ತೂತಿಗೆ ಚುಚ್ಚ್ಯಾನ. ಹಂಗ ಚುಚ್ಚಿದ್ರ ಆ ರೌಟರ್ ಸುಮ್ಮನ ಸಿಗ್ನಲ್ ದಾಟಸಂಗಿಲ್ಲ, ತನ್ನದ ಒಂದು ಬ್ಯಾರೆ ನೆಟ್‌ವರ್ಕ್ ಹೂಡತೈತಿ. ನಿನ್ನೆ ಪಡಸಾಲ್ಯಾಗ ನಾನು ಕೆಳಗಿನ ವೈಫೈ ಮ್ಯಾಲ ಇದ್ದೆ, ಅದಕ್ಕ ಕಂಡಿತ್ತು.

ಕಾಕಾ: ಆದ್ರ ಇಂಟರ್ನೆಟ್ ಎರಡೂ ಕಡೆ ಬರತೈತಲ್ಲ.

ಮಗಳು: ಅದ ಮೋಸ ಮಾಡೂದ್ರಿ. ಇಂಟರ್ನೆಟ್ ಬಂತಂದ್ರ ಎಲ್ಲಾ ಸರಿ ಐತಿ ಅಂತ ತಿಳಕೋತೀವಿ. ಇನ್ನೂ ಒಂದು ನೋಡ್ರಿ. ಮ್ಯಾಲಿಂದ ನಿಮ್ಮ ಕಂಪ್ಯೂಟರಿಗೆ ಪಿಂಗ್ ಕಳಿಸಿದ್ರ ಉತ್ತರ ಬರತೈತಿ. ಕೆಳಗಿಂದ ನನಗ ಕಳಿಸಿದ್ರ ಬರಂಗಿಲ್ಲ. ಮ್ಯಾಲಿನ ರೌಟರಿನ ಬೆನ್ನಿಗೆ ಇರೂ ಮಂದಿ ಹೊರಗ ಹೋಗಬಹುದು, ಹೊರಗಿನವರು ಒಳಗ ಬರೂದಿಲ್ಲ.

ಕಾಕಾ: ಹಂಗಾದ್ರ ನೀ ಹೊರಗ ಬಂದು ನನ್ನ ಹಾಡು ತಗೊಂಡು ಹೋಗಬಹುದಲ್ಲ. ದಾರಿ ಐತಿ ಅಂತ ನೀನ ಹೇಳಾಕತ್ತಿ.

ಮಗಳು: ಛಲೋ ಕೇಳಿದ್ರಿ. ದಾರಿ ಐತಿ. ಹಾಡು ಹರಿಯೂ ಪೋರ್ಟ್ 3689, ಅದು ತೆರದೈತಿ. ಆದ್ರ ಭಂಡಾರ ಎಲ್ಲೈತಿ ಅನ್ನೂದು ಐಟ್ಯೂನ್ಸಿಗೆ ತಿಳಿಯೂದು ಬ್ಯಾರೆ ರೀತಿಲೆ. ನಿಮ್ಮ ಕಂಪ್ಯೂಟರ್ ಆಗಾಗ ಡಂಗುರ ಹೊಡೀತೈತಿ: ನನ್ನ ಹತ್ರ ಹಾಡು ಅದಾವ, ನನ್ನ ಹೆಸರು ಇಂಥಾದ್ದು, ಇಂಥಾ ಪೋರ್ಟಿಗೆ ಬರ್ರಿ ಅಂತ. ಅದು ಯಾರೊಬ್ಬರಿಗೂ ಅಲ್ಲ, 224.0.0.251 ಅನ್ನೋ ಎಲ್ಲಾರ ವಿಳಾಸಕ್ಕ, 5353ನೇ ಪೋರ್ಟಿನ್ಯಾಗ. ಆ ಡಂಗುರ ಅಗಸಿ ದಾಟಬಾರದು ಅಂತ ನಿಯಮನ ಐತಿ, ಯಾವ ರೌಟರೂ ಅದನ್ನ ಆಚಿಗೆ ಬಿಡಂಗಿಲ್ಲ. ಡಂಗುರ ಕೇಳದ ನನ್ನ ಐಟ್ಯೂನ್ಸ್ ದಾರಿ ಇದ್ರೂ ಹೊಂಡಂಗಿಲ್ಲ.

ಮುಂದಿನದು ಕೈಕೆಲಸ. ಮಗಳು ಮೇಲಿನ ರೌಟರಿನ ಸೆಟ್ಟಿಂಗ್ ಪುಟ ತೆರೆದು ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿದಳು. ಕೆಳಗಿನ ಪೆಟ್ಟಿಗೆ ಆ ನಂಬರನ್ನು ಬೇರೆ ಯಾರಿಗೂ ಕೊಡದಂತೆ ಅದರ ಪಟ್ಟಿಯಿಂದ ತೆಗೆದಿಟ್ಟಳು. ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ಮೇಲಿನ ರೌಟರಿನಲ್ಲಿ ನಿಲ್ಲಿಸಿದಳು. ಮನೆಯಲ್ಲಿ ಹಂಚುವವರು ಒಬ್ಬರೇ ಇರಬೇಕು. ಕೊನೆಗೆ ಕೇಬಲ್ಲನ್ನು 'ಇಂಟರ್ನೆಟ್' ತೂತಿನಿಂದ ಕಿತ್ತು ಪಕ್ಕದ 'ಲ್ಯಾನ್' ತೂತಿಗೆ ಹಾಕಿದಳು. ಹೊಸ ರೌಟರುಗಳಲ್ಲಿ ಇಷ್ಟೂ ಕೆಲಸಕ್ಕೆ 'ಆ್ಯಕ್ಸೆಸ್ ಪಾಯಿಂಟ್ ಮೋಡ್' ಎಂಬ ಒಂದೇ ಗುಂಡಿ ಇರುತ್ತದೆ, ಹಳೆಯದರಲ್ಲಿ ಇರಲಿಲ್ಲ. ಮನೆಮನೆಗೆ ಫೈಬರ್ ಬಂದ ಮೇಲೆ ಹಳೇ ರೌಟರನ್ನು ಎಸೆಯಲು ಮನಸ್ಸಾಗದೆ ಹೀಗೆ ಮೇಲಿಟ್ಟವರು ನಮ್ಮ ಊರುಗಳಲ್ಲಿ ಬಹಳ ಮಂದಿ. ಪ್ರಿಂಟರ್ ಸಿಗುತ್ತಿಲ್ಲ, ಟಿವಿಗೆ ಮೊಬೈಲಿನ ಫೋಟೋ ಹೋಗುತ್ತಿಲ್ಲ ಎಂದು ಒದ್ದಾಡುವವರು ಮೊದಲು ನೋಡಬೇಕಾದದ್ದು ಈ ತೂತನ್ನೇ. ಅತಿಥಿಗಳಿಗೆಂದು ಇರುವ 'ಗೆಸ್ಟ್' ವೈಫೈಗೆ ಸೇರಿಕೊಂಡಿದ್ದರೂ ಇದೇ ಗತಿ. ಅದು ಒಂದು ಯಂತ್ರಕ್ಕೆ ಇನ್ನೊಂದು ಕಾಣದಂತೆ ಬೇಕೆಂದೇ ತಡೆಯುತ್ತದೆ.

ಪಟ್ಟಿ ಮೇಲೆ ಬಂತು. ಕಾಕಾನಿಗೆ ಅಷ್ಟರಿಂದ ಸಮಾಧಾನ ಆಗಲಿಲ್ಲ.

ಕಾಕಾ: ನೋಡು ಮಗಳ, ಇಷ್ಟೊತ್ತಿನ್ಯಾಗ ನಾನು ಪೆನ್ ಡ್ರೈವಿಗೆ ಹಾಕಿ ನಿನ್ನ ಕೈಯಾಗ ಕೊಟ್ಟಿದ್ರ ನೀ ಎರಡು ಖ್ಯಾಲ್ ಕೇಳಿ ಮುಗಸ್ತಿದ್ದಿ. ನರಗುಂದದ ಗೆಳೆಯಾಗ ಹಂಗ ಕೊಡತೀನಿ. ಗಜೇಂದ್ರಗಡದಾಗ ನಿಮ್ಮ ಅತ್ತಿಗೆ ಮೆಮೊರಿ ಕಾರ್ಡಿನ್ಯಾಗ ಹಾಕಿ ಕೊಟ್ಟೀನಿ. ಮಗ್ಗದ ಮುಂದ ಕುಂತು ಕೇಳತಾಳ. ಅಕಿಗೆ ರೌಟರ್ ಬೇಕಾಗಿಲ್ಲ, ಐಡಿ ಬೇಕಾಗಿಲ್ಲ.

ಮಗಳು: ಅತ್ತಿ ಕಾರ್ಡಿನ್ಯಾಗ ಏನೈತಿ ಅಂತ ನೀವು ನೋಡೀರೇನು? ನಾ ದೀಪಾವಳಿಗೆ ಹೋದಾಗ ನೋಡೀನಿ. ಜಾಗ ಸಾಲೂದಿಲ್ಲ ಅಂತ ಯಾರೋ ಅಂಗಡ್ಯಾಂವ ಎಲ್ಲಾ ಹಾಡು ಸಣ್ಣ ಎಂಪಿತ್ರೀ ಮಾಡಿ ಹಾಕ್ಯಾನ. ನೀವು ಕೊಟ್ಟಿದ್ದ ಎಂಪಿತ್ರೀ, ಅದನ್ನ ಮತ್ತ ಹಿಂಡಿ 64 ಕೆಬಿಪಿಎಸ್. ತಂಬೂರಿ ಜವಾರಿ ಅನ್ನೂದು ಉಳದ ಇಲ್ಲ, ಒಂದು ಗುಂಯ್ ಅನ್ನೂ ಸಪ್ಪಳ ಐತಿ ಅಷ್ಟ. ನಿಮ್ಮ ಶಿಷ್ಯರು ತಂಬೂರಿ ಹಂಗ ಶ್ರುತಿ ಮಾಡಿದ್ರ ನೀವು ಬಿಡತಿದ್ರೇನು?

ಕಾಕಾ: ಬಿಡತಿದ್ದಿಲ್ಲ.

ಮಗಳು: ನಕಲು ಮಾಡಿದ್ರ ಹಾಡು ಕೆಡಂಗಿಲ್ಲ, ಖರೇ. ಹಿಂಡಿದ್ರ ಕೆಡತೈತಿ, ಮಂದಿ ಹಿಂಡತಾರ. ಮೂಲ ನಿಮ್ಮ ಹತ್ರ ಐತಿ, ಒಂದು ತಾಸಿಗೆ 600 ಎಂಬಿಗಿಂತ ಹೆಚ್ಚು. ಹೋಮ್ ಶೇರಿಂಗಿನ್ಯಾಗ ನಾನು ಕೇಳೂದು ಆ ಮೂಲನ. ಕೆಳಗಿನ ಡಿಸ್ಕಿನ್ಯಾಗ ಇದ್ದದ್ದು ಇದ್ದಂಗ ಮ್ಯಾಲ ಕೇಳತೈತಿ. ನಾಳೆ ನೀವು ಒಂದು ಹೆಸರು ತಿದ್ದಿದ್ರ ನನಗೂ ತಿದ್ದಿದ್ದ ಕಾಣತೈತಿ. ಪೆನ್ ಡ್ರೈವ್ ಕೊಟ್ಟ ಮ್ಯಾಲ ಅದರಾಗಿನ ತಪ್ಪು ಅಲ್ಲೇ ಉಳೀತೈತಿ.

ಕಾಕಾ: ಅಂದ್ರ ಮೂಲ ಒಂದ ಇರಬೇಕು, ಎಲ್ಲಾರೂ ಅಲ್ಲಿಗೇ ಬರಬೇಕು ಅಂತೀ.

ಮಗಳು: ಹೌದ್ರಿ.

ಕಾಕಾ: ಆ ಒಂದು ಹೋದ್ರ? ಒಂದು ಸಂಜಿಮುಂದ ಬಸವರಾಜ ರಾಜಗುರು ಅವರದು ಹಿಡದಿದ್ದೆ, ಆ ಟೇಪ್ ಹರದು ಹೋತು. ಉಳದದ್ದು ಯಾಕ? ನರಗುಂದದ ಗೆಳೆಯಾ ತನ್ನ ಡಬಲ್ ಕ್ಯಾಸೆಟ್ ಮಷೀನಿನ್ಯಾಗ ಅದನ್ನ ನಕಲ ಮಾಡಿಕೊಂಡಿದ್ದ. ಇವತ್ತು ನಿನ್ನ ಪಟ್ಟಿಯಾಗ ಇರೂದು ನನ್ನ ಕ್ಯಾಸೆಟ್ ಅಲ್ಲ, ಅವಂದು. ನಾನು ಒಬ್ಬಾಂವ ಇಟ್ಟಕೊಂಡಿದ್ರ ಅದು ಇರತಿದ್ದಿಲ್ಲ.

ಮಗಳು: ಬ್ಯಾಕಪ್ ಇಡೋಣ್ರಿ. ಇನ್ನೊಂದು ಹಾರ್ಡ್ ಡಿಸ್ಕ್...

ಕಾಕಾ: ಅದೂ ಇದ ಮನ್ಯಾಗ, ಇದ ಕಪಾಟಿನ್ಯಾಗ. ಸಿಡಿಲು ಹೊಡದ್ರ ಎರಡಕ್ಕೂ ಹೊಡೀತೈತಿ.

ಈ ಮಾತಿಗೆ ಮಗಳು ತಕ್ಷಣ ಉತ್ತರ ಕೊಡಲಿಲ್ಲ. ಪಟ್ಟಿಯನ್ನು ಕೆಳಗೆ ಜರುಗಿಸುತ್ತಿದ್ದವಳು ಒಂದು ಕಡೆ ನಿಂತಳು. ಅಲ್ಲಿಂದ ಮುಂದೆ ಹಾಡುಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಮೇಲೆ ಚುಕ್ಕಿಯಿಟ್ಟ ವಿಚಿತ್ರ ಅಕ್ಷರಗಳ ಗಲಿಬಿಲಿ. ಕಾಕಾನ ಕಂಪ್ಯೂಟರಿನ ಫೋಲ್ಡರಿನಲ್ಲಿದ್ದ ಹೆಸರುಗಳೂ ಹಾಗೆಯೇ.

ಮಗಳು: ಇವನ್ನ ಯಾವುದರಾಗ ಬರದೀರಿ ಕಾಕಾ?

ಕಾಕಾ: ಕನ್ನಡದಾಗ. ಶಾಲಿ ಆಫೀಸಿನ ಕಂಪ್ಯೂಟರಿನ್ಯಾಗ ಕ್ಲರ್ಕ್ ಕಡೆಯಿಂದ ಟೈಪ್ ಮಾಡಿಸಿದ್ದೆ. ಅಲ್ಲಿ ಛಲೋ ಕಾಣತಿತ್ತು.

ಮಗಳು: ಅದು ಯೂನಿಕೋಡ್ ಬಳಕಿಗೆ ಬರೂಕಿಂತ ಮೊದಲಿನ ಫಾಂಟು. ಒಳಗ ಇರೂದು ಇಂಗ್ಲಿಷ್ ಅಕ್ಷರದ ನಂಬರ್‌ಗಳ, ಫಾಂಟ್ ಅದಕ್ಕ ಕನ್ನಡದ ಆಕಾರ ತೊಡಿಸತೈತಿ. ಫಾಂಟ್ ಹಾಕಿದ ಕಡೆ 'ಮಾರವಾ' ಅಂತ ಕಾಣತೈತಿ, ಐಟ್ಯೂನ್ಸ್ ತನ್ನ ಫಾಂಟಿನ್ಯಾಗ ತೋರಿಸಿದ್ರ ಬತ್ತಲಿ ನಂಬರ್ ಹೊರಗ ಬೀಳತೈತಿ. ನೆಟ್‌ವರ್ಕ್ ಸರಿ ಮಾಡೂದು ಒಂದು ಮಧ್ಯಾಹ್ನದ ಕೆಲಸ. ಇದು ಹಂಗಲ್ಲ. ಬದಲಿ ಮಾಡೂ ತಂತ್ರಾಂಶ ಅದಾವ, ಅದರ ಮ್ಯಾಲ ಒಂದೊಂದೂ ಓದಿ ನೋಡಬೇಕು. ಮತ್ತ ಇಲ್ಲಿ ಭೀಮಸೇನ ಜೋಶಿ ಅವರು ಎಷ್ಟು ಮಂದಿ ಆಗ್ಯಾರ ನೋಡ್ರಿ: ಕನ್ನಡದಾಗ ಒಬ್ಬರು, ಇಂಗ್ಲಿಷಿನ್ಯಾಗ ಒಬ್ಬರು, 'ಪಂ.' ಹಚ್ಚಿ ಒಬ್ಬರು, 'ಭೀಮಸೇನ್' ಅಂತ ಅರ್ಧಾಕ್ಷರ ಹಾಕಿ ಒಬ್ಬರು. ರೋಣದಾಗ 1922ರ ಫೆಬ್ರವರಿ 4ಕ್ಕ ಹುಟ್ಟಿದಾವ್ರು ಒಬ್ಬರ. ನಮ್ಮ ಊರಿನ ಮಗನ ಹೆಸರು ನಮ್ಮ ಮನ್ಯಾಗ ಒಂದ ರೀತಿ ಇರಬೇಕಲ್ರಿ.

ಕಾಕಾ: ಕೇಳಾಂವಗ ದನಿ ಗುರುತಿದ್ರ ಹೆಸರು ಯಾಕ ಬೇಕು?

ಮಗಳು: ನಿಮಗ ದನಿ ಗುರುತೈತಿ. ನನಗ ಅರ್ಧ ಐತಿ. ನನ್ನ ಮಗಳಿಗೆ ಇರೂದ ಇಲ್ಲ. ನರಗುಂದದ ಕಾಕಾನ ವಿಷಯ ತಗೋರಿ.

ನರಗುಂದದ ಗೆಳೆಯರಿಗೆ ಕಣ್ಣು ಕಾಣುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ಕಲಿತವರು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ತೀರಿಕೊಳ್ಳುವ ತನಕ ನಡೆಸಿದ ಆ ಆಶ್ರಮದಲ್ಲಿ ಅಂಧ ಮಕ್ಕಳು ಕೇಳಿ ಕೇಳಿಯೇ ವಿದ್ಯೆ ಕಲಿತದ್ದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಮಗಳು: ಅವರ ಮೊಮ್ಮಗ ಅವರಿಗೆ ಎನ್‌ವಿಡಿಎ ಹಾಕಿಕೊಟ್ಟಾನ. ಪರದೆ ಮ್ಯಾಲಿನ ಅಕ್ಷರ ಓದಿ ಹೇಳತೈತಿ, ಕನ್ನಡಾನೂ ಓದತೈತಿ, ರೊಕ್ಕಾ ಇಲ್ಲ. ಆದ್ರ ನೀವು ಕೊಟ್ಟ ಫೈಲಿನ ಹೆಸರು ಬಂದ್ರ ಅದು 'ಎ, ಯು, ಡಾಲರ್' ಅಂತ ಒದರತೈತಿ. ಕಣ್ಣು ಇದ್ದಾಂವ ಫಾಂಟ್ ಹಾಕ್ಕೊಂಡು ಓದ್ಯಾನು. ಕಿವಿಲೆ ಓದಾವ್ರಿಗೆ ಯೂನಿಕೋಡ್ ಬಿಟ್ರ ದಾರಿ ಇಲ್ಲ. ಒಂದು ಕಡೆ ಕುಂತು ಒಮ್ಮೆ ತಿದ್ದಿದ್ರ ಎಲ್ಲಾರಿಗೂ ಆತು ಅಂತ ನಾ ಹೇಳೂದು ಇದಕ್ಕ.

ಕಾಕಾ: ಅಂವಾ ಆ ಕಂಪ್ಯೂಟರ್ ಮುಟ್ಟಂಗಿಲ್ಲ ಮಗಳ. ಮೊಮ್ಮಗ ಇದ್ದಾಗ ಮುಟ್ಟತಾನ. ಅವನ ಕೈಗೆ ಬರೂದು ಆ ಸಣ್ಣ ಸ್ಪೀಕರ್ ಡಬ್ಬಿ: ಪೆನ್ ಡ್ರೈವ್ ಚುಚ್ಚೂ ತೂತು, ಹಿಂದ ಮುಂದ ಎರಡು ಗುಂಡಿ. ಹೆಸರು ಹ್ಯಾಂಗ ತಿಳೀತಾವ ಗೊತ್ತೇನು? ಪ್ರತಿ ಕ್ಯಾಸೆಟ್ಟಿನ ಸುರುವಿಗೆ ನಾನು ಬಾಯಿಲೆ ಹೇಳೀನಿ: ತಾರೀಖು, ರಾಗ, ಹಾಡಿದಾವ್ರು, ತಬಲಾ ಯಾರದು. ಅದು ಯಾವ ಫಾಂಟಿಗೂ ಕೆಟ್ಟಿಲ್ಲ.

ಮಗಳು: ಅದು ಖರೇ ದೊಡ್ಡ ಕೆಲಸ ಮಾಡೀರಿ. 1902ರಾಗ ಕಲಕತ್ತಾದಾಗ ಗ್ರಾಮೋಫೋನ್ ಕಂಪನಿಯವರು ಗೌಹರ್ ಜಾನ್ ಅವರದು ಮುದ್ರಿಸಿಕೊಂಡಾಗ, ಹಾಡು ಮುಗದ ಮ್ಯಾಲ ಅವರ ತಮ್ಮ ಹೆಸರು ಹೇಳತಿದ್ರು. ರೆಕಾರ್ಡ್ ಒತ್ತೂದು ಜರ್ಮನಿಯೊಳಗ. ಅಲ್ಲಿನವರಿಗೆ ಯಾವ ತಟ್ಟಿಗೆ ಯಾವ ಚೀಟಿ ಹಚ್ಚಬೇಕು ಅಂತ ತಿಳೀಬೇಕಲ್ಲ. ಆದ್ರ ಕಾಕಾ, ಬಾಯಿಲೆ ಹೇಳಿದ್ದನ್ನ ಹುಡುಕಾಕ ಬರಂಗಿಲ್ಲ. ಮಾರವಾ ಎಷ್ಟು ಅದಾವ ಅಂತ ಕೇಳಿದ್ರ ಎಲ್ಲಾ ಕ್ಯಾಸೆಟ್ ಕೇಳಬೇಕು.

ಕಾಕಾ: ಕೇಳಲಿ! ಕೇಳಾಕಂತನ ಹಿಡದಿಟ್ಟೀನಿ.

ಇಲ್ಲಿ ಕಾಕಾನ ದನಿ ಸ್ವಲ್ಪ ಏರಿತು. ಹುಡುಕುವುದು ಬೇರೆ, ಕೇಳುವುದು ಬೇರೆ ಎಂಬ ಅವರ ಭಾವನೆ ನನಗೂ ತಟ್ಟಿತು. ಪಟ್ಟಿಯಿಂದ ಬೇಕಾದ್ದನ್ನು ಆರಿಸಿ ಕೇಳುವವರಿಗೆ ಬೇಡದ್ದು ಕಿವಿಗೆ ಬೀಳುವ ಭಾಗ್ಯ ಕಡಿಮೆ. ಆದರೆ ಸಾವಿರಾರು ತಾಸಿನ ಸಂಗ್ರಹವನ್ನು ಮುಂದಿನವರ ಕೈಗೆ ಇಡುವಾಗ ಪಟ್ಟಿಯೇ ಇಲ್ಲದೆ ಇಡುವುದು ಅವರ ಮೇಲೆ ಹೊರಿಸುವ ಭಾರ, ಎಂಬ ಮಗಳ ಮಾತನ್ನೂ ತಳ್ಳಿಹಾಕಲಾರೆ.

ಕಾಕಾ: ಮಾರವಾ ಅಂದ್ಯಲ್ಲ, ಅದನ್ನ ಹೇಳತೀನಿ ಕೇಳು. ಆ ಪಟ್ಟಿಯಾಗ ಒಂದು ಮಾರವಾ ಐತಿ. ನನ್ನ ಕಿವಿಗೆ ಅದು ಮಾರವಾ. ನರಗುಂದದಾಂವ 'ಅಲ್ಲ, ಪೂರಿಯಾ' ಅಂತಾನ. ವರ್ಷಗಟ್ಟಲೆ ಜಗಳಾ ಆಡೀವಿ. ಎರಡಕ್ಕೂ ಸ್ವರ ಅವ, ಪಂಚಮ ಎರಡರಾಗೂ ಇಲ್ಲ. ಮಾರವಾದಾಗ ಕೋಮಲ ರಿಷಭ, ಧೈವತದ ಮ್ಯಾಲ ಭಾರ. ಪೂರಿಯಾದಾಗ ಗಾಂಧಾರ, ನಿಷಾದದ ಮ್ಯಾಲ. ಆವತ್ತು ಹಾಡಿದಾವ್ರು ಎರಡರ ನಡುವ ಓಡಾಡ್ಯಾರ. ರೇಡಿಯೋದಾಗ ಹೆಸರು ಹೇಳಿದ್ದು ನನ್ನ ಟೇಪಿನ್ಯಾಗ ಬಂದಿಲ್ಲ, ಗುಂಡಿ ಒತ್ತೂದು ತಡಾ ಆತು. ನನ್ನ ನಕಲಿನ್ಯಾಗ ಮಾರವಾ, ಅವನ ನಕಲಿನ್ಯಾಗ ಪೂರಿಯಾ. ನಿನ್ನ ಒಂದ ಭಂಡಾರದಾಗ ಯಾರ ಮಾತು ನಡೀತೈತಿ?

ಮಗಳು: ಹೆಸರಿನ ಜಾಗದಾಗ ಒಂದು, ಟಿಪ್ಪಣಿ ಜಾಗದಾಗ ಇನ್ನೊಂದು ಬರೀಬಹುದು.

ಕಾಕಾ: ಅಂದ್ರ ಅವನ ಮಾತು ಟಿಪ್ಪಣಿಗೆ ಇಳೀತು. ಅವನ ಮನ್ಯಾಗ ಅದು ಹೆಸರ ಐತಿ. ಟಿಪ್ಪಣಿ ಯಾರು ಓದತಾರ?

ಮಗಳು: ಕಾಕಾ, ಈಗಿನ ಸ್ಥಿತಿ ಏನೈತಿ ನೋಡ್ರಿ. ಅದು ಮಾರವಾ ಅಂತ ನಿಮ್ಮ ಮನ್ಯಾಗ ಕೇಳಿದಾವ್ರಿಗೆ ಪೂರಿಯಾ ಅನ್ನೂ ಮಾತೊಂದು ಐತಿ ಅಂತನ ಗೊತ್ತಾಗಂಗಿಲ್ಲ. ನರಗುಂದದಾಗ ಕೇಳಿದಾವ್ರಿಗೆ ಮಾರವಾ ಗೊತ್ತಾಗಂಗಿಲ್ಲ. ನೀವಿಬ್ಬರು ಇರೂತನಕ ಜಗಳ ಇರತೈತಿ. ಆಮ್ಯಾಲ ಎರಡು ಪೆನ್ ಡ್ರೈವ್ ಇರತಾವ, ಒಂದಕ್ಕೊಂದು ಗುರುತಿಲ್ಲ. ಜಗಳಾನೂ ಉಳೀಬೇಕಂದ್ರ ಎರಡೂ ಮಾತು ಒಂದ ಕಡೆ ಬರದಿರಬೇಕು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆ ಕಡೆಯಿಂದ ಬಂದರು.

ಕಾಕಾ: ಹಂಗಾದ್ರ ನಿನ್ನ ಭಂಡಾರ ನರಗುಂದಕ್ಕ ಕೇಳಬೇಕಲ್ಲ. ಕೇಳತೈತೇನು? ಈ ನಾಕು ಗ್ವಾಡಿ ಒಳಗ ಅಷ್ಟ. ಇದಕ್ಕ ನೀವು 'ಶೇರಿಂಗ್' ಅಂತೀರಿ. ಭೀಮಸೇನರು ಸಣ್ಣಾವ್ರಿದ್ದಾಗ ಅಬ್ದುಲ್ ಕರೀಂ ಖಾನರ ಠುಮರಿ ರೆಕಾರ್ಡ್ ಅಂಗಡಿಯಿಂದ ಕೇಳಿ ಹುಚ್ಚಾದ್ರು, ಗುರು ಹುಡುಕಿಕೊಂಡು ಮನಿ ಬಿಟ್ಟರು ಅಂತ ಎಲ್ಲಾರಿಗೂ ಗೊತ್ತು. ಆ ಅಂಗಡ್ಯಾಂವ ನಿನ್ನಂಗ ಪಾಸ್‌ವರ್ಡ್ ಹಾಕಿ ಒಳಗ ಕೇಳಿದ್ದರ?

ಮಗಳು: ಮೊದಲ ಹಂಗ ಇದ್ದಿಲ್ಲ ಕಾಕಾ. 2003ರ ಏಪ್ರಿಲ್‌ದಾಗ ಐಟ್ಯೂನ್ಸ್ 4 ಬಂದಾಗ ಇಂಟರ್ನೆಟ್ ಮ್ಯಾಲ ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಭಂಡಾರ ಹಂಚಾಕ ಬರತಿತ್ತು, ವಿಳಾಸ ಗೊತ್ತಿದ್ರ ಸಾಕು. ಒಂದ ತಿಂಗಳು. ಮೇ ಕೊನಿಗೆ ಬಂದ ಹೊಸ ಆವೃತ್ತಿಯಾಗ ಕಂಪನಿ ಅದನ್ನ ಮುಚ್ಚಿತು, ಒಂದ ನೆಟ್‌ವರ್ಕಿನ ಒಳಗ ಅಷ್ಟ ಅಂತು. ಗುರುತಿಲ್ಲದ ಮಂದಿ ಒಬ್ಬರ ಭಂಡಾರ ಒಬ್ಬರು ಇಳಿಸಿಕೊಳ್ಳಾಕ ಹತ್ತಿದ್ರು. 2009ರಾಗ ಬಂದ ಹೋಮ್ ಶೇರಿಂಗೂ ಅಷ್ಟ: ಒಂದ ಮನಿ, ಐದು ಕಂಪ್ಯೂಟರ್ ತನಕ. ಆ ಗ್ವಾಡಿ ತಂತ್ರದ್ದಲ್ಲ, ಹಕ್ಕಿಂದು.

ಕಾಕಾ: ನಾನು ಹಿಡದದ್ದು ನನ್ನ ರೇಡಿಯೋದಾಗಿಂದ. ಅದರ ಹಕ್ಕು ಯಾರದು?

ಮಗಳು: ನಿಮ್ಮದಲ್ರಿ, ಬ್ಯಾಸರ ಮಾಡಕೋಬ್ಯಾಡ್ರಿ. ನಮ್ಮ ಕಾಯ್ದೆದಾಗ ಧ್ವನಿಮುದ್ರಣದ ಹಕ್ಕು ಅದು ಪ್ರಕಟ ಆದ ಮುಂದಿನ ವರ್ಷದಿಂದ 60 ವರ್ಷ ಇರತೈತಿ. 1937ರಾಗ ತೀರಿಕೊಂಡ ಅಬ್ದುಲ್ ಕರೀಂ ಖಾನರು, 1952ರಾಗ ತೀರಿಕೊಂಡ ಸವಾಯಿ ಗಂಧರ್ವರು, ಇವರು ಇದ್ದಾಗ ಹೊರಗ ಬಂದ ರೆಕಾರ್ಡು ಈಗ ಎಲ್ಲಾರವು. ಅವನ್ನ ನರಗುಂದಕ್ಕ ಏನು, ಜಗತ್ತಿಗೆ ಹಂಚ್ರಿ. ರೇಡಿಯೋದ್ದು ಮನ್ಯಾಗ ನೀವು ಕೇಳಬಹುದು, ಕಲಿಯಾಕ ಬಳಸಬಹುದು. ಊರಿಗೆಲ್ಲಾ ತೆರದಿಟ್ಟರ ಅದು ಬ್ಯಾರೆ ಮಾತು.

ಕಾಕಾ: ಗೆಳೆಯಾಗ ಒಂದು ಕ್ಯಾಸೆಟ್ ಕೊಟ್ಟರ ಊರಿಗೆ ತೆರದಿಟ್ಟಂಗ ಆತೇನು? ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗೂದರಾಗ ಒಂದು ಅಂಕಿ ಐತಿ. ಕೊಡಾಂವ ಯಾರಿಗೆ ಕೊಡಾಕತ್ತೀನಿ ಅಂತ ನೋಡತಾನ. ನಾನು ಅತ್ತಿಗೆ ಕೊಡೂದು ಬ್ಯಾರೆ, ನರಗುಂದದಾಂವಗ ಕೊಡೂದು ಬ್ಯಾರೆ. ಅಕಿಗೆ ದಾಸರ ಪದ, ಅವಗ ವಿಲಂಬಿತ. ನಿನ್ನ ನೆಟ್‌ವರ್ಕಿಗೆ ಅದು ಗೊತ್ತಿಲ್ಲ, ಒಳಗ ಇದ್ದಾವ್ರಿಗೆ ಎಲ್ಲಾ, ಹೊರಗಿನವರಿಗೆ ಏನೂ ಇಲ್ಲ.

ಮಗಳು: ಅದನ್ನ ನಾ ಒಪ್ಪತೀನಿ. ಆದ್ರ ಮನಿ ಒಳಗಿನವರ ವಿಷಯದಾಗ ನಿಮ್ಮ ಆರಿಸಿ ಕೊಡೂದು ನನಗ ಬ್ಯಾಡ. ನಾ ಸಣ್ಣಾಕಿ ಇದ್ದಾಗ ನೀವು ನನಗ ಕೊಟ್ಟಿದ್ದು ಭಕ್ತಿಗೀತಿ ಅಷ್ಟ. ಮಾರವಾ ಒಂದು ಐತಿ ಅಂತ ನನಗ ಗೊತ್ತಾಗಿದ್ದ ನಿನ್ನೆ, ಇಡೀ ಪಟ್ಟಿ ತೆರಕೊಂಡಾಗ.

ಕಾಕಾ: ನೀ ಕೇಳಲಿಲ್ಲ.

ಮಗಳು: ಇರೂದು ಗೊತ್ತಿದ್ರ ಕೇಳತಿದ್ದೆ.

ಇಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ಮೇಲಿನ ಕೋಣೆಗಿಲ್ಲ. ಮೇಲಿನ ರೌಟರು ಆರಿತು, ಪಟ್ಟಿ ಮಾಯವಾಯಿತು. ಕೆಳಗಿನ ಕಂಪ್ಯೂಟರು ಇನ್ವರ್ಟರಿನ ಮೇಲೆ ನಡೆಯುತ್ತಲೇ ಇತ್ತು. ಕರೆಂಟು ಬಂದಾಗ ಮೇಲೆ ಪಟ್ಟಿ ಮತ್ತೆ ಬಂತು. ಆದರೆ ಹರಿದ ಟೇಪಿನ ಸಾಲಿನದೂ ಸೇರಿ ಕೆಲವು ಹಾಡು ಮುಟ್ಟಿದರೆ ಹಾಡಲೊಲ್ಲವು. ಕೆಳಗೆ ಬಂದು ನೋಡಿದರೆ ಅವುಗಳ ಮುಂದೆ ಆಶ್ಚರ್ಯಸೂಚಕ ಚಿಹ್ನೆ.

ಮಗಳು: ಇದು ನೆಟ್‌ವರ್ಕಿಂದಲ್ರಿ. ಹೊರಗಿನ ಹಾರ್ಡ್ ಡಿಸ್ಕ್ ಈ ಗದ್ದಲದಾಗ ಒಮ್ಮೆ ಬಿಟ್ಟು ಹತ್ತೇತಿ. ಮೊದಲ ಇ ಡ್ರೈವ್ ಇತ್ತು, ಈಗ ಎಫ್ ಅಂತ ತೋರಸಾಕತ್ತೈತಿ. ಐಟ್ಯೂನ್ಸ್ ಹಾಡು ಇಟ್ಟಕೊಂಡಿಲ್ಲ, ಹಾಡು ಎಲ್ಲೈತಿ ಅನ್ನೂ ದಾರಿ ಅಷ್ಟ ಬರಕೊಂಡೈತಿ. ಡಿಸ್ಕ್ ಮ್ಯಾನೇಜ್‌ಮೆಂಟಿನ್ಯಾಗ ಹೋಗಿ ಮತ್ತ ಇ ಅಂತ ಕಾಯಂ ಮಾಡತೀನಿ.

ಕಾಕಾ: ಸ್ಪೀಕರ್ ಡಬ್ಬಿಯಾಗ ಇ ಇಲ್ಲ, ಎಫ್ ಇಲ್ಲ.

ಮಗಳು: ಇಲ್ಲ. ಅದು ಅದರ ಗುಣ. ನನಗ ಹೆದರಿಕಿ ಇರೂದು ಬ್ಯಾರೆದರದು. ಈ ಕಂಪ್ಯೂಟರ್ ವಿಂಡೋಸ್ 10. ಅದಕ್ಕ ಮಾಮೂಲಿ ಸುರಕ್ಷೆ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕ ನಿಂತು. ಹಳೇ ಮಷೀನು, ವಿಂಡೋಸ್ 11 ತಗೋಳಂಗಿಲ್ಲ. ಇಂಥಾದ್ದರಾಗ ಇರೂದು ಒಂದ ಮೂಲ.

ಕಾಕಾ: ಇಂಟರ್ನೆಟ್ಟಿಂದ ಬಿಡಿಸಿಬಿಡು. ನನಗ ಅದರಾಗ ಹಾಡು ಬಿಟ್ಟು ಏನೂ ಬ್ಯಾಡ.

ಮಗಳು: ಹಂಗ ಮಾಡಬಹುದು, ಖರೇನ. ರೌಟರಿನ್ಯಾಗ ಈ ಒಂದು ಕಂಪ್ಯೂಟರಿಗೆ ಹೊರಗಿನ ದಾರಿ ಬಂದ್ ಮಾಡಿದ್ರೂ ಮನಿ ಒಳಗಿನ ಹಂಚಿಕಿ ನಡೀತೈತಿ, ಹಾಡು ಇಂಟರ್ನೆಟ್ಟಿಗೆ ಹೋಗಿ ಬರೂದಿಲ್ಲ. ಆದ್ರ ಆ್ಯಪಲ್ ಐಡಿ ಮತ್ತ ಕೇಳಿದ ದಿವಸ ದಾರಿ ತೆರೀಬೇಕಾಗತೈತಿ. ಅದಕ್ಕ ಜೆಲ್ಲಿಫಿನ್ ಅಂತ ಒಂದು ಐತಿ, 2018ರಿಂದ ಮಂದಿ ಸೇರಿ ಕಟ್ಟಿದ್ದು. ರೊಕ್ಕಾ ಇಲ್ಲ, ಯಾವ ಕಂಪನಿಯ ಐಡಿಯೂ ಬೇಕಾಗಿಲ್ಲ. ಬ್ರೌಸರಿನ್ಯಾಗ ಈ ಕಂಪ್ಯೂಟರಿನ ವಿಳಾಸ ಹೊಡದು 8096 ಅಂದ್ರ ಪಟ್ಟಿ ಬರತೈತಿ. ಡಂಗುರ ಕೇಳದಿದ್ರೂ ನಡೀತೈತಿ, ವಿಳಾಸ ಗೊತ್ತಿದ್ರ ಆತು. ಅದನ್ನ ಹಾಕಲೇನು?

ಕಾಕಾ: ಹಾಕು. ನೀ ಹುಬ್ಬಳ್ಳಿಗೆ ಹೋದ ಮ್ಯಾಲ ಅದು ಕೆಟ್ಟರ ಯಾರು ನೋಡತಾರ?

ಮಗಳು: ಫೋನ್ ಮಾಡ್ರಿ.

ಕಾಕಾ: ಪೆನ್ ಡ್ರೈವ್ ಕೆಟ್ಟರ ನಾನ ಇನ್ನೊಂದು ಮಾಡತೀನಿ.

ಮಗಳು: ಮಾಡ್ರಿ. ಬ್ಯಾಡ ಅನ್ನೂದಿಲ್ಲ. ಒಂದ ಮಾತು: ನರಗುಂದಕ್ಕ ಹೋಗೂದನ್ನ ಹಿಂಡಬ್ಯಾಡ್ರಿ. ಆ ಡಬ್ಬಿ ಎಂಪಿತ್ರೀ ಬಿಟ್ಟು ಬ್ಯಾರೆ ಹಾಡಂಗಿಲ್ಲ ಅಂದ್ರ ಡಬ್ಬಿಗೆ ಒಂದು ಪೆನ್ ಡ್ರೈವ್ ಕೊಡ್ರಿ, ಮೂಲ ಇದ್ದಂಗ ಒಂದು ಹಾರ್ಡ್ ಡಿಸ್ಕಿನ್ಯಾಗ ಅವರ ಕಪಾಟಿನ್ಯಾಗ ಇರಲಿ. ನಿಮ್ಮ ಸಿಡಿಲಿನ ಮಾತಿಗೆ ನನ್ನ ಹತ್ರ ಅದಕ್ಕಿಂತ ಛಲೋ ಉತ್ತರ ಇಲ್ಲ.

ಕಾಕಾ: ಆ ಡಿಸ್ಕಿನ್ಯಾಗ ಆ ಹಾಡಿಗೆ ಏನಂತ ಹೆಸರು ಇಡತಿ?

ಮಗಳು: ಅವರ ಮನ್ಯಾಗ ಇರೂ ಡಿಸ್ಕಿನ್ಯಾಗ ಪೂರಿಯಾ ಅಂತ ಇಡೋಣೇನ್ರಿ?

ಕಾಕಾ: ಅದು ಮಾರವಾ.

ಮಗಳು: ಹಂಗಾದ್ರ ನಾಳೆ ಇಬ್ಬರೂ ನರಗುಂದಕ್ಕ ಹೋಗೋಣ. ಮೂಲಾನ ಒಯ್ಯತೀನಿ, ಹಿಂಡಿದ್ದಲ್ಲ. ಮೂವರೂ ಕುಂತು ಕೇಳೋಣ, ಆಮ್ಯಾಲ ಟೈಪ್ ಮಾಡತೀನಿ.

ಕಾಕಾ: ಅಂವಾ ಒಪ್ಪಂಗಿಲ್ಲ.

ಮಗಳು: ನೀವು ಒಪ್ಪತೀರೇನು?

ಕಾಕಾ: ಮುಂಜಾನೆ ಏಳರ ಬಸ್ಸಿಗೆ ಹೋಗೋಣ. ಬಿಸಲಿಗೆ ಮೊದಲ ಮುಟ್ಟತೀವಿ.